ಹನ್ನೆರಡು ಕಿಲೋಮೀಟರ್, ಮೂರು ಮುಳುಗು

"ದೋಣಿ ಚೆನ್ನಾಗಿದೆ ಕಣಯ್ಯಾ. ಯಾರದು?"

ಸ್ಪರ್ಧೆಯ ದಿನ, ಬೆಳಿಗ್ಗೆ ಆರೂವರೆ. ಸರ್ಫ್‌ಸ್ಕೀಯನ್ನು ಮರಳಿನ ಮೇಲಿಳಿಸಿ ಇನ್ನೂ ಸೊಂಟ ನೇರ ಮಾಡಿರಲಿಲ್ಲ, ನಮ್ಮ ಗುಂಪಿನ ಹಿರಿಯರು ಬಂದು ಅದರ ಸುತ್ತ ಒಂದು ಸುತ್ತು ಹಾಕಿ ಕೇಳಿದರು. ಅರವತ್ತೆಂಟು ದಾಟಿದ ಮನುಷ್ಯ.

"ನಂದೇ ಸರ್."

"ಓಹೋ."

ಅಷ್ಟೇ ಅಂದು ತಮ್ಮ ಹಳೇ ದೋಣಿಯ ಕಡೆ ಹೋದರು. ಆ "ಓಹೋ"ದ ಪೂರ್ತಿ ಅರ್ಥ ನನಗೆ ತಿಳಿಯಲು ಇನ್ನೂ ಎರಡು ಗಂಟೆ ಬೇಕಿತ್ತು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಸರ್ಫ್‌ಸ್ಕೀ ಅಂದರೆ ಒಳಗೆ ಕಾಲು ತೂರಿಸಿ ಕೂರುವ ಕಯಾಕ್ ಅಲ್ಲ, ಮೇಲೆ ಕೂರುವ ದೋಣಿ. ಕುಂಡೆ ಊರಲು ಒಂದು ತಗ್ಗು, ಅದಕ್ಕೆ ಬಕೆಟ್ ಅಂತ ಹೆಸರು. ಅದರ ಮುಂದೆ ಕಾಲು ಚಾಚಲು ಇನ್ನೊಂದು ತಗ್ಗು, ತುದಿಯಲ್ಲಿ ಪಾದ ಒತ್ತಿಕೊಳ್ಳುವ ಹಲಗೆ, ಚುಕ್ಕಾಣಿ ತಿರುಗಿಸಲು ಎರಡು ಪೆಡಲ್. ಆಸ್ಟ್ರೇಲಿಯಾದ ಕಡಲತೀರಗಳಲ್ಲಿ ಜೀವರಕ್ಷಕರು ಅಲೆ ಸೀಳಿಕೊಂಡು ಹೋಗಲು ಬಳಸುತ್ತಿದ್ದ ದೋಣಿಗಳ ವಂಶ ಇದು. ವಂಶ ಬೆಳೆಯುತ್ತಾ ಉದ್ದವಾಯಿತು, ಸಪೂರವಾಯಿತು. ನನ್ನದು 6.2 ಮೀಟರ್ ಉದ್ದ, 43 ಸೆಂಟಿಮೀಟರ್ ಅಗಲ. ಅಂದರೆ ಒಂದು ಮೊಳವೂ ಪೂರ್ತಿ ಇಲ್ಲ. ಕಾರ್ಬನ್ ಮೈ, ಹನ್ನೊಂದು ಕೆ.ಜಿ. ತೂಕ. ಒಂದೇ ಭುಜದ ಮೇಲೆ ಹೊತ್ತು ನಡೆಯುವಾಗ ನೋಡುವವರಿಗೆ ನಾನು ಭಾರೀ ಆಟಗಾರ.

ಕಲಿಯುವವರಿಗೆ ಅಂತ ಬೇರೆ ದೋಣಿಗಳಿವೆ. ಐದೂವರೆ ಮೀಟರ್ ಉದ್ದ, 55 ಸೆಂಟಿಮೀಟರ್ ಆಸುಪಾಸು ಅಗಲ. ನಾನು ಒಂದು ವರ್ಷ ಅಂಥದ್ದರಲ್ಲೇ ಹುಟ್ಟು ಹಾಕಿದ್ದು, ಅದೂ ಎರವಲು. ಆಮೇಲೆ ರಾತ್ರಿ ಹೊತ್ತು ವಿಡಿಯೊ ನೋಡುವ ಚಟ ಹತ್ತಿತು. ಹವಾಯಿಯ ಕೈವಿ ಜಲಸಂಧಿಯಲ್ಲಿ ಮೊಲೊಕಾಯಿಯಿಂದ ಓಹೂವರೆಗೆ ಐವತ್ತು ಕಿಲೋಮೀಟರಿನ ಓಟ. ಅದನ್ನು ದಕ್ಷಿಣ ಆಫ್ರಿಕದ ಆಸ್ಕರ್ ಚಲುಪ್‌ಸ್ಕಿ ಹನ್ನೆರಡು ಸಲ ಗೆದ್ದಿದ್ದಾರೆ. ಇತ್ತ ಆಸ್ಟ್ರೇಲಿಯಾದ ಪರ್ತ್ ಬಳಿ ರಾಟ್‌ನೆಸ್ಟ್ ದ್ವೀಪದಿಂದ ದಡದವರೆಗೆ 27 ಕಿಲೋಮೀಟರ್, ಮಧ್ಯಾಹ್ನ ಬೀಸುವ 'ಫ್ರೀಮ್ಯಾಂಟಲ್ ಡಾಕ್ಟರ್' ಎಂಬ ಕಡಲ ಗಾಳಿಯನ್ನು ಬೆನ್ನಿಗೆ ಹಾಕಿಕೊಂಡು. ಬೆಟ್ಟದಂಥ ಅಲೆಗಳ ಇಳಿಜಾರಿನಲ್ಲಿ ಬಾಣದಂತೆ ಹೋಗುವ ಆ ಜನ ಕೂತಿರುವುದೆಲ್ಲ ಸಪೂರ ದೋಣಿಗಳಲ್ಲೇ. ನೋಡಿ ನೋಡಿ, ಅವರು ಹಾಗೆ ಹೋಗುವುದು ದೋಣಿ ಸಪೂರ ಇರುವುದಕ್ಕೇ ಅಂತ ನನ್ನ ತಲೆ ತೀರ್ಮಾನ ಮಾಡಿಬಿಟ್ಟಿತು. ಈ ಆಟದಲ್ಲಿ ಎಲ್ಲರ ಬಾಯಲ್ಲೂ ಇರುವ ಮಾತು ಒಂದುಂಟು: ಮೊದಲು ನಿಲುವು, ಆಮೇಲೆ ಬಲವು. ಅಂದರೆ ಮೊದಲು ಬೀಳದೆ ಕೂರುವುದನ್ನು ಕಲಿ, ಜೋರು ಆಮೇಲೆ. ನಾನೂ ಆ ಮಾತನ್ನು ಬೇರೆಯವರಿಗೆ ಹೇಳಿದ್ದೇನೆ.

ಹೊಸ ದೋಣಿಯಲ್ಲಿ ಮೂರು ತಿಂಗಳು ಅಭ್ಯಾಸ ಮಾಡಿದೆ. ಎಲ್ಲಾ ತಿಳಿನೀರಿನಲ್ಲಿ. ಕೈಗಡಿಯಾರದ ಜಿಪಿಎಸ್‌ನಲ್ಲಿ ಗಂಟೆಗೆ ಹತ್ತೂವರೆ ಕಿಲೋಮೀಟರ್ ಕಂಡಾಗ ಮನೆಗೆ ಬಂದು ಎರಡು ಸಲ ಹೇಳಿಕೊಂಡೆ. ಕಡಲಿಗಿಳಿದದ್ದು ನಾಲ್ಕೇ ಸಲ, ಅದೂ ಗಾಳಿ ಏಳುವ ಮುಂಚೆ, ನೀರು ಎಣ್ಣೆಯ ಹಾಗೆ ನಿಂತಿರುವ ಹೊತ್ತಿನಲ್ಲಿ. ಸ್ಪರ್ಧೆಯ ಅರ್ಜಿಯಲ್ಲಿ ಒಂದು ಪ್ರಶ್ನೆ ಇತ್ತು: ದೋಣಿ ಮಗುಚಿದರೆ ಬೇರೆಯವರ ಸಹಾಯವಿಲ್ಲದೆ ಮತ್ತೆ ಹತ್ತಬಲ್ಲಿರಾ? ಹೌದು ಅಂತ ಗುರುತು ಹಾಕಿದೆ. ಸುಳ್ಳಲ್ಲ. ತಿಳಿನೀರಿನಲ್ಲಿ ಹತ್ತಿದ್ದೆ. ಎಂಥ ನೀರಿನಲ್ಲಿ ಅಂತ ಅರ್ಜಿ ಕೇಳಿರಲಿಲ್ಲ.

ಓಟದ ದಾರಿ ಸರಳ. ದಡದಿಂದ ನೇರ ಕಡಲಿಗೆ ಒಂದು ಕಿಲೋಮೀಟರ್. ಅಲ್ಲಿ ಗಾಳಿ ತುಂಬಿದ ದೊಡ್ಡ ಕಿತ್ತಳೆ ಬಣ್ಣದ ಬೋಯ್ ತೇಲುತ್ತಿರುತ್ತದೆ. ಅದನ್ನು ಎಡಕ್ಕೆ ಬಿಟ್ಟು ತಿರುಗಿ, ದಡಕ್ಕೆ ಸಮಾನಾಂತರವಾಗಿ ಐದು ಕಿಲೋಮೀಟರ್. ಎರಡನೇ ಬೋಯ್ ಸುತ್ತಿ ಅದೇ ಐದು ಕಿಲೋಮೀಟರ್ ವಾಪಸ್, ಮತ್ತೆ ದಡಕ್ಕೆ. ಒಟ್ಟು ಹನ್ನೆರಡು. ಮೂವತ್ತೆಂಟು ದೋಣಿ. ಗಾಳಿ ಹದಿನಾಲ್ಕು ನಾಟ್, ಅಂದರೆ ಗಂಟೆಗೆ ಸುಮಾರು 26 ಕಿಲೋಮೀಟರ್, ಹೋಗುವಾಗ ಬಲಗಡೆ ಮುಂದಿನಿಂದ, ಬರುವಾಗ ಎಡಗಡೆ ಬೆನ್ನಿಗೆ. ಅದರ ಮೇಲೆ ಎಲ್ಲೋ ದೂರದಲ್ಲಿ ಹುಟ್ಟಿ ಹನ್ನೊಂದು ಸೆಕೆಂಡಿಗೊಂದರಂತೆ ಬರುವ ದೊಡ್ಡ ಅಲೆ, ಅಡ್ಡಲಾಗಿ. ಇದನ್ನೆಲ್ಲ ಆಯೋಜಕರು ಮೈಕಿನಲ್ಲಿ ಹೇಳುತ್ತಿದ್ದಾಗ ಸುತ್ತಲಿದ್ದವರ ಮುಖ ಅರಳುತ್ತಿತ್ತು. ನಾನೂ ಅರಳಿಸಿದೆ.

ಸುರಕ್ಷತೆಯ ವಿಷಯದಲ್ಲಿ ಮಾತ್ರ ಯಾವ ವಿನಾಯಿತಿಯೂ ಇರಲಿಲ್ಲ. ಲೈಫ್ ಜಾಕೆಟ್, ಸೀಟಿ, ನೀರು ಹೋಗದ ಚೀಲದಲ್ಲಿ ಫೋನ್, ಮತ್ತೆ ಲೀಶ್. ಲೀಶ್ ಅಂದರೆ ಮೊಣಕಾಲ ಕೆಳಗೆ ಕಟ್ಟಿ ದೋಣಿಗೆ ಸಿಕ್ಕಿಸುವ ಸುರುಳಿ ಹಗ್ಗ. ಇದರ ಬಗ್ಗೆ ನನಗೆ ಮೊದಲು ಅಸಡ್ಡೆ ಇತ್ತು, ನಾಯಿಗೆ ಕಟ್ಟಿದ ಹಾಗೆ ಅನ್ನಿಸುತ್ತಿತ್ತು. ಆದರೆ ಯೋಚಿಸಿ: ಹನ್ನೊಂದು ಕೆ.ಜಿ.ಯ ಖಾಲಿ ದೋಣಿ ನೀರಿನ ಮೇಲೆ ಒಣಗಿದ ಎಲೆಯ ಹಾಗೆ. ಹದಿನಾಲ್ಕು ನಾಟ್ ಗಾಳಿಯಲ್ಲಿ ಅದು ಕೈತಪ್ಪಿತೆಂದರೆ ಎಂಥ ಈಜುಗಾರನಿಗೂ ಸಿಗುವುದಿಲ್ಲ. ಆಮೇಲೆ ನೀವು ಕಡಲ ಮಧ್ಯೆ ಒಂದು ತಲೆ, ಅಷ್ಟೇ. ಅಲೆಗಳ ನಡುವೆ ತಲೆ ಎಷ್ಟು ದೂರಕ್ಕೆ ಕಾಣುತ್ತದೆ ಅಂತ ಅವತ್ತೇ ನನಗೆ ಗೊತ್ತಾಯಿತು, ತಲೆಯ ಕಡೆಯಿಂದ.

ಓಟ ಶುರುವಾಗುವ ಮುಂಚೆ ಎಲ್ಲರೂ ಮೊಣಕಾಲುದ್ದ ನೀರಿನಲ್ಲಿ ದೋಣಿ ಹಿಡಿದುಕೊಂಡು ಕಾಲು ಗಂಟೆ ನಿಂತೆವು. ಕಾಲಿಡುವ ತಗ್ಗಿನ ತಳದಲ್ಲಿ ಬೇಯ್ಲರ್ ಅಂತ ಒಂದು ಸಣ್ಣ ಕಿಂಡಿ ಇರುತ್ತದೆ. ದೋಣಿ ಓಡುವಾಗ ತಳದ ನೀರಿನ ಹರಿವು ಒಳಗಿನ ನೀರನ್ನು ಅದರ ಮೂಲಕ ಹೀರಿ ಹೊರಗೆ ಎಳೆಯುತ್ತದೆ. ನಿಂತರೆ ಉಲ್ಟಾ, ಕೆಳಗಿಂದ ನೀರು ಒಳಕ್ಕೆ ಬರುತ್ತದೆ. ಹಾಗಾಗಿ ಅದನ್ನು ಮುಚ್ಚಿಕೊಂಡು ನಿಂತಿದ್ದೆ. ಬುದ್ಧಿವಂತಿಕೆಯ ಕೆಲಸ ಅಂದುಕೊಂಡೆ.

ಅಲೆಗಳು ಲೆಕ್ಕವಿಲ್ಲದೆ ಬರುತ್ತವೆ ಅಂತ ದಡದಲ್ಲಿ ನಿಂತವರಿಗೆ ಅನ್ನಿಸುತ್ತದೆ. ಸ್ವಲ್ಪ ಹೊತ್ತು ನೋಡಿದರೆ ಗುಂಪು ಕಾಣುತ್ತದೆ. ನಾಲ್ಕೋ ಐದೋ ದೊಡ್ಡವು ಒಂದರ ಹಿಂದೊಂದು, ಆಮೇಲೆ ಒಂದೆರಡು ನಿಮಿಷ ಬಿಡುವು. ಆ ಬಿಡುವಿನಲ್ಲಿ ದಾಟಿಬಿಡಬೇಕು. ಆದರೆ ಸ್ಪರ್ಧೆಯ ಹಾರ್ನ್ ಬಿಡುವು ನೋಡಿ ಊದುವುದಿಲ್ಲ. ಊದಿದ ತಕ್ಷಣ ಮೂವತ್ತೆಂಟು ಜನ ಒಟ್ಟಿಗೆ ಹಾರಿ ಕೂತರು. ಮೊದಲ ಎರಡು ಅಲೆ ನೊರೆ ಅಷ್ಟೇ, ಮೂತಿ ಅದನ್ನು ಸೀಳಿತು. ಮೂರನೆಯದು ನನ್ನ ಮುಂದೆಯೇ ಗೋಡೆಯ ಹಾಗೆ ಎದ್ದು ನಿಂತಿತು. ಆಗ ಮಾಡಬೇಕಾದದ್ದು ಒಂದೇ, ಹುಟ್ಟು ನಿಲ್ಲಿಸಬಾರದು, ಮುಂದಕ್ಕೆ ಬಾಗಿ ತಲೆ ತಗ್ಗಿಸಿ ನುಗ್ಗಬೇಕು. ನುಗ್ಗಿದೆ. ಎದೆಗೆ ಯಾರೋ ಮರಳಿನ ಮೂಟೆ ಎಸೆದ ಹಾಗಾಯಿತು. ಕಣ್ಣು ಬಿಟ್ಟಾಗ ಆಚೆ ಬದಿಯಲ್ಲಿದ್ದೆ, ನೆಟ್ಟಗೆ ಕೂತಿದ್ದೆ, ಬಕೆಟ್ ತುಂಬಾ ನೀರು. ಖುಷಿಯಲ್ಲಿ ಕೂಗಿದೆ ಅಂತ ನೆನಪು.

ಮೊದಲ ಬೋಯ್‌ವರೆಗೆ ನಾನು ಇಪ್ಪತ್ತನೆಯವನೋ ಏನೋ. ಅಲ್ಲಿಂದ ಎಡಕ್ಕೆ ತಿರುಗಿದೆ ನೋಡಿ, ಕಥೆ ಶುರುವಾಯಿತು.

ಅಡ್ಡಲೆ ಅಂದರೆ ಏನು ಅಂತ ಹೇಗೆ ಹೇಳಲಿ. ಎದುರಿಂದ ಬರುವ ಅಲೆ ಮೂತಿಯನ್ನು ಎತ್ತಿ ಇಳಿಸುತ್ತದೆ, ಅದಕ್ಕೆ ಆರು ಮೀಟರ್ ದೋಣಿ ಇದೆ. ಪಕ್ಕದಿಂದ ಬಂದದ್ದಕ್ಕೆ 43 ಸೆಂಟಿಮೀಟರ್ ಮಾತ್ರ. ಒಂದು ಅಲೆ ಬಲಗಡೆಯಿಂದ ಎತ್ತುತ್ತದೆ, ಗಾಳಿಯ ಸಣ್ಣ ಅಲೆ ಓರೆಯಾಗಿ ಬಂದು ಒದೆಯುತ್ತದೆ, ದಡಕ್ಕೆ ಬಡಿದು ವಾಪಸ್ ಬಂದದ್ದು ಎಡಗಡೆಯಿಂದ ತಳ್ಳುತ್ತದೆ. ಮೂರಕ್ಕೂ ಒಂದೇ ತಾಳ ಇಲ್ಲ. ಮೈ ತಾನಾಗಿ ಬಿಗಿಯಾಯಿತು. ಮೈ ಬಿಗಿಯಾದರೆ ದೋಣಿ ಅಲುಗಿದಾಗೆಲ್ಲ ತಲೆಯೂ ಅಲುಗುತ್ತದೆ. ಸೊಂಟ ಸಡಿಲ ಬಿಟ್ಟರೆ ದೋಣಿ ಕೆಳಗೆ ಕುಣಿದುಕೊಳ್ಳಲಿ ಅಂತ ಮೇಲೆ ನೆಟ್ಟಗೆ ಕೂರಬಹುದು. ಇದು ಗೊತ್ತಿರುವ ವಿಷಯವೇ. ಗೊತ್ತಿರುವುದು ತಲೆಗೆ, ಸೊಂಟಕ್ಕಲ್ಲ.

ಇನ್ನೊಂದು ತಪ್ಪು, ಹೆದರಿದಾಗ ಹುಟ್ಟು ನೀರಿನಿಂದ ಮೇಲೆತ್ತಿ ಗಾಳಿಯಲ್ಲಿ ಹಿಡಿಯುವುದು. ಹಗ್ಗದ ಮೇಲೆ ನಡೆಯುವವರು ಕೋಲು ಹಿಡಿದ ಹಾಗೆ. ನೀರಿನಲ್ಲಿರುವ ಹುಟ್ಟು ಮೂರನೇ ಕಾಲು, ಮೇಲೆತ್ತಿದರೆ ಬರೀ ಭಾರ. ಈಗಿನ ಹುಟ್ಟುಗಳ ಅಲಗು ರೆಕ್ಕೆಯ ಆಕಾರದ್ದು, ಸ್ವೀಡನ್‌ನಲ್ಲಿ 1980ರ ದಶಕದಲ್ಲಿ ಬಂದದ್ದು. ನೀರನ್ನು ಹಿಂದಕ್ಕೆ ಎಳೆಯುವ ಬದಲು ಪಕ್ಕಕ್ಕೆ ಕತ್ತರಿಸುತ್ತಾ ಹೋಗಿ ಹಿಡಿತ ಕೊಡುತ್ತದೆ. ಎಳೆಯಬೇಕಾದದ್ದು ತೋಳಿನಿಂದಲ್ಲ, ಮುಂಡ ತಿರುಗಿಸಿ, ಅದೇ ಬದಿಯ ಕಾಲಿನಿಂದ ಹಲಗೆ ಒತ್ತಿ. ತಿಳಿನೀರಿನಲ್ಲಿ ನನ್ನ ಮುಂಡ ಎಷ್ಟು ಚೆಂದ ತಿರುಗುತ್ತಿತ್ತು! ಇಲ್ಲಿ ಮರದ ಕೊರಡು. ಮೊಣಕೈಯಿಂದ ಪುಟ್ಟ ಪುಟ್ಟ ಹುಟ್ಟು, ಪ್ರತಿ ಎರಡಕ್ಕೊಮ್ಮೆ ಅಲಗಿನ ಬೆನ್ನಿನಿಂದ ನೀರಿಗೆ ಚಪ್ಪಾಳೆ ತಟ್ಟಿ ಸುಧಾರಿಸಿಕೊಳ್ಳುವುದು. ಗಡಿಯಾರ ಗಂಟೆಗೆ ಆರೂವರೆ ಕಿಲೋಮೀಟರ್ ಅನ್ನುತ್ತಿತ್ತು. ಒಬ್ಬೊಬ್ಬರಾಗಿ ದಾಟಿಕೊಂಡು ಹೋದರು. ಹಿರಿಯರೂ ಹೋದರು, ಅವರ ಅಗಲ ದೋಣಿಯಲ್ಲಿ, ಸೋಫಾ ಮೇಲೆ ಕೂತವರ ಹಾಗೆ. ಹೋಗುತ್ತಾ, "ದೂರ ನೋಡಯ್ಯಾ, ಅಲೆ ನೋಡಬೇಡ" ಅಂದರು.

ದೂರ ನೋಡಿದೆ. ಎರಡು ನಿಮಿಷ ಚೆನ್ನಾಗಿತ್ತು. ಆಮೇಲೆ ಮೊದಲನೇ ಮುಳುಗು.

ಬೀಳುವಾಗ ಭಯ ಆಗಲಿಲ್ಲ, ಅದು ವಿಚಿತ್ರ. ಅರ್ಧ ಗಂಟೆಯಿಂದ ಹೆದರುತ್ತಿದ್ದದ್ದು ಕೊನೆಗೂ ಆಯಿತಲ್ಲ ಅನ್ನುವ ನಿರಾಳ. ನೀರು ಬೆಚ್ಚಗಿತ್ತು. ದೋಣಿ ತಿರುಗಿಸಿದೆ. ಹತ್ತುವ ವಿಧಾನ ಹೀಗೆ: ಒಂದು ಕೈಯಲ್ಲಿ ಹುಟ್ಟು ಬಿಡದೆ ಬಕೆಟ್ಟಿನ ಎರಡೂ ಅಂಚು ಹಿಡಿಯಬೇಕು. ಕಾಲು ಬಡಿದು ಮೈಯನ್ನು ನೀರಿನ ಮಟ್ಟಕ್ಕೆ ತರಬೇಕು, ಆಮೇಲೆ ಹೊಟ್ಟೆ ಅಡ್ಡಲಾಗಿ ದೋಣಿಯ ಮೇಲೆ ಬರುವ ಹಾಗೆ ಜಾರಬೇಕು. ಮೇಲಕ್ಕೆ ಹಾರುವುದಲ್ಲ, ಅಡ್ಡಕ್ಕೆ ಜಾರುವುದು. ಅಲ್ಲಿಂದ ಮಗ್ಗುಲು ಹೊರಳಿಸಿ ಕುಂಡೆಯನ್ನು ಬಕೆಟ್ಟಿಗೆ ಬೀಳಿಸಬೇಕು, ಎರಡೂ ಕಾಲು ಒಂದೇ ಬದಿಯ ನೀರಿನಲ್ಲಿ. ಕಟ್ಟೆಯ ಮೇಲೆ ಕೂತ ಹಾಗೆ. ಹೀಗೆ ಕೂತರೆ ದೋಣಿ ಅಷ್ಟೊಂದು ಅಲುಗುವುದಿಲ್ಲ. ಕೊನೆಗೆ ಒಂದೊಂದೇ ಕಾಲು ಒಳಗೆ. ನನ್ನ ತಪ್ಪು ಆಗಿದ್ದು ಈ ಕೊನೆಯದರಲ್ಲಿ. ಕೂತೆನಲ್ಲ ಅಂತ ಅವಸರಕ್ಕೆ ಎರಡೂ ಕಾಲು ಒಟ್ಟಿಗೆ ಎತ್ತಿದೆ. ಆ ಕಡೆಯಿಂದ ಈ ಕಡೆಗೆ ಹಾಗೇ ಉರುಳಿ ಬಿದ್ದೆ. ಎರಡನೇ ಮುಳುಗು. ಇದನ್ನು ಬೇರೆ ಅಂತ ಎಣಿಸಬೇಕೋ ಮೊದಲನೆಯದರ ಮುಂದುವರಿದ ಭಾಗ ಅನ್ನಬೇಕೋ ಗೊತ್ತಿಲ್ಲ, ಉಪ್ಪುನೀರು ಮಾತ್ರ ಬೇರೆ ಬೇರೆ ಕುಡಿದೆ.

ಹತ್ತಿ ಕೂತ ಮೇಲೂ ದೋಣಿ ಎಮ್ಮೆಯ ಹಾಗೆ. ಬಕೆಟ್ಟೂ ಕಾಲಿನ ತಗ್ಗೂ ತುಂಬಿ ತುಳುಕುತ್ತಿವೆ. ಒಳಗಿನ ನೀರು ಯಾವ ಕಡೆ ಓಲಿದರೆ ದೋಣಿಯೂ ಆ ಕಡೆಗೇ. ಜೋರಾಗಿ ಹೋದರೆ ಬೇಯ್ಲರ್ ಖಾಲಿ ಮಾಡುತ್ತದೆ, ಆದರೆ ನೀರಿರುವಾಗ ಜೋರಾಗಿ ಹೋಗಲು ಧೈರ್ಯವಿಲ್ಲ. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಹಾಗೇ ಸೊಂಟದವರೆಗೆ ನೆನೆದುಕೊಂಡು ಮೂರು ಕಿಲೋಮೀಟರ್ ತೆವಳಿದೆ. ಮನಸ್ಸು ಮಾತ್ರ ಚುರುಕಾಗಿ ನೆಪ ಹುಡುಕುತ್ತಿತ್ತು. ಭುಜ ನೋಯುತ್ತಿದೆ ಅನ್ನೋಣವೇ? ಚುಕ್ಕಾಣಿ ಸಿಕ್ಕಿಕೊಂಡಿತು ಅನ್ನೋಣವೇ? ಸುರಕ್ಷತಾ ದೋಣಿಯವರಿಗೆ ಕೈ ಎತ್ತಿ ತೋರಿಸಿದರೆ ಮುಗಿಯಿತು. ಒಂದು ಸಲ ಕೈ ಅರ್ಧ ಎತ್ತಿದೆ ಕೂಡ. ಅವರು ನೋಡಿದ್ದೇ ಕಣ್ಣಿಗೆ ಬಿದ್ದ ನೀರು ಒರೆಸಿಕೊಂಡವನ ಹಾಗೆ ಮಾಡಿದೆ.

ಎರಡನೇ ಬೋಯ್ ಸುತ್ತುವಾಗ ದೋಣಿ ಪೂರ್ತಿ ಗಾಳಿಗೆ ಅಡ್ಡಲಾಯಿತು. ಮೂರನೇ ಮುಳುಗಿನ ಬಗ್ಗೆ ಹೇಳುವುದಕ್ಕೆ ವಿಶೇಷ ಇಲ್ಲ. ಈ ಸಲ ಹತ್ತಿದ್ದು ಮಾತ್ರ ಸರಿಯಾಗಿತ್ತು, ಒಂದು ಕಾಲು, ಉಸಿರು, ಇನ್ನೊಂದು ಕಾಲು.

ಸುರಕ್ಷತಾ ದೋಣಿ ಹತ್ತಿರ ಬಂತು. ಇಪ್ಪತ್ತು ವರ್ಷ ಇರಬಹುದಾದ ಹುಡುಗಿ ಅಂಚಿಗೆ ಬಾಗಿ ನೋಡಿದಳು.

"ಸರ್, ಆರಾಮಿದ್ದೀರಾ?"

"ಆರಾಮು. ನೀರೇ ಖಾಲಿ ಆಗ್ತಿಲ್ಲ."

"ಬೇಯ್ಲರ್ ತೆಗ್ದಿದೀರಾ?"

ನಾನು ಉತ್ತರ ಕೊಡಲಿಲ್ಲ. ಹಿಮ್ಮಡಿಯಿಂದ ತಡಕಿದೆ. ಮುಚ್ಚಿದ್ದು ಮುಚ್ಚಿದ ಹಾಗೇ ಇತ್ತು, ದಡದಲ್ಲಿ ನಿಂತಾಗ ಬುದ್ಧಿವಂತಿಕೆಯಿಂದ ಮುಚ್ಚಿದ್ದು. ಅಂದರೆ ಮೂರನೇ ಅಲೆಯಲ್ಲಿ ತುಂಬಿದ ನೀರನ್ನೇ ಆರು ಕಿಲೋಮೀಟರ್ ಹೊತ್ತು ತಂದಿದ್ದೆ. ಹಿಮ್ಮಡಿ ಒತ್ತಿದೆ, ಟಕ್ ಅಂತ ತೆರೆಯಿತು. ಹತ್ತು ಹುಟ್ಟು ಹಾಕುವಷ್ಟರಲ್ಲಿ ಕಾಲಡಿಯಿಂದ ಗೊರಗೊರ ಸದ್ದು, ಬಚ್ಚಲಿನ ನೀರು ಇಳಿಯುವ ಹಾಗೆ. ನೀರು ಮೊಣಕಾಲಿನಿಂದ ಗೆಣ್ಣಿಗೆ, ಗೆಣ್ಣಿನಿಂದ ಹಿಮ್ಮಡಿಗೆ ಇಳಿಯಿತು. ಆ ಹುಡುಗಿ ನಕ್ಕಿದ್ದರೆ ಅದು ನ್ಯಾಯವೇ. ನಗಲಿಲ್ಲ, ಹೆಬ್ಬೆರಳು ತೋರಿಸಿದಳು. ಅವಳಿಗೆ ನನ್ನ ನಮಸ್ಕಾರ.

ಈಗ ಗಾಳಿ ಬೆನ್ನಿಗೆ. ನಾನು ವಿಡಿಯೊಗಳಲ್ಲಿ ನೋಡಿ ಬಾಯಿ ಬಿಟ್ಟಿದ್ದ ಆಟ ಇದೇ.

ಸ್ವಲ್ಪ ಲೆಕ್ಕ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ, ನನಗೆ ಇದು ಅರ್ಥವಾದಾಗ ಆದ ಸಂತೋಷ ದೊಡ್ಡದು. ಆಳ ನೀರಿನಲ್ಲಿ ಅಲೆಯ ವೇಗ ಅದರ ಅವಧಿಯ, ಅಂದರೆ ಒಂದು ಅಲೆಗೂ ಮುಂದಿನದಕ್ಕೂ ನಡುವಿನ ಹೊತ್ತಿನ ಮೇಲೆ ನಿಂತಿದೆ. ಅವಧಿ ಎಷ್ಟು ಸೆಕೆಂಡೋ ಅದನ್ನು 1.56ರಿಂದ ಗುಣಿಸಿದರೆ ಸೆಕೆಂಡಿಗೆ ಎಷ್ಟು ಮೀಟರ್ ಅಂತ ಬರುತ್ತದೆ. ಅವತ್ತಿನ ಹನ್ನೊಂದು ಸೆಕೆಂಡಿನ ದೊಡ್ಡ ಅಲೆ ಈ ಲೆಕ್ಕದಲ್ಲಿ ಗಂಟೆಗೆ 60 ಕಿಲೋಮೀಟರ್ ದಾಟುತ್ತದೆ. ದಡದ ಹತ್ತಿರ ಆಳ ಕಡಿಮೆಯಾಗಿ ವೇಗ ಇಳಿದರೂ ಹತ್ತು ಕಿಲೋಮೀಟರಿನಲ್ಲಿ ಏದುಸಿರು ಬಿಡುವ ನನಗೆ ಅದು ದಕ್ಕುವುದಲ್ಲ. ಅದು ಕೆಳಗಿಂದ ಹಾದುಹೋಗುತ್ತದೆ, ಹೋಗಲಿ. ಹಿಡಿಯಬೇಕಾದದ್ದು ಗಾಳಿ ಎಬ್ಬಿಸಿದ ಮೂರು ಸೆಕೆಂಡಿನ ಮರಿಗಳನ್ನು, ಅವು ಗಂಟೆಗೆ ಸುಮಾರು 17 ಕಿಲೋಮೀಟರ್. ಅಲೆ ಹಿಂಬದಿ ಎತ್ತಿ, ಮೂತಿ ಮುಂದಿನ ತಗ್ಗಿಗೆ ಇಳಿಯುವ ಆ ಒಂದು ಕ್ಷಣದಲ್ಲಿ ನಾಲ್ಕೈದು ಜೋರಾದ ಹುಟ್ಟು ಹಾಕಿದರೆ ಉಳಿದದ್ದನ್ನು ಇಳಿಜಾರು ನೋಡಿಕೊಳ್ಳುತ್ತದೆ.

ನಾನು ಮೊದಲು ಮಾಡಿದ್ದು ಏನೆಂದರೆ ಎಲ್ಲದಕ್ಕೂ ಹುಟ್ಟು ಹಾಕಿದ್ದು. ಕಳೆದುಕೊಂಡ ಹೊತ್ತನ್ನೆಲ್ಲ ಒಟ್ಟಿಗೆ ವಸೂಲಿ ಮಾಡುವವನ ಹಾಗೆ. ಮೂತಿ ಮುಂದಿನ ಅಲೆಯ ಬೆನ್ನಿಗೆ ಕಚ್ಚಿಕೊಳ್ಳುತ್ತಿತ್ತು, ಏರು ಹತ್ತುತ್ತಾ ಹತ್ತುತ್ತಾ ಎದೆ ಒಡೆಯುತ್ತಿತ್ತು, ಅಷ್ಟರಲ್ಲಿ ಹಿಂದಿನದು ತಪ್ಪಿಹೋಗುತ್ತಿತ್ತು. ಒಂದು ಕಿಲೋಮೀಟರ್ ಹೀಗೇ. ಆಮೇಲೆ ಸುಸ್ತಾಗಿ, ನಿಜಕ್ಕೂ ಸುಸ್ತಾಗಿಯೇ, ಕೈ ನಿಲ್ಲಿಸಿ ಹುಟ್ಟಿನ ಅಲಗನ್ನು ನೀರಿನ ಮೇಲೆ ತೇಲಿಸಿಕೊಂಡು ಕೂತೆ. ಹಿಂಬದಿ ಮೆಲ್ಲಗೆ ಎದ್ದಿತು. ಬೆನ್ನ ಕೆಳಭಾಗಕ್ಕೆ ಯಾರೋ ಅಂಗೈ ಇಟ್ಟ ಹಾಗೆ ಒಂದು ಒತ್ತು. ಮೂತಿ ಕೆಳಗೆ ನೋಡಿತು. ಮುಂದೆ ಒಂದು ತಗ್ಗು, ಗಾಜಿನ ಹಾಗೆ ನಯ, ನೊರೆ ಇಲ್ಲ. ನಾಲ್ಕು ಹುಟ್ಟು ಹಾಕಿದೆ. ದೋಣಿಯ ಸದ್ದೇ ಬದಲಾಯಿತು. ಚಟಪಟ ಅನ್ನುತ್ತಿದ್ದದ್ದು ಸುಯ್ ಅಂತ ಒಂದೇ ಎಳೆಯಾಗಿ, ಎರಡೂ ಪಕ್ಕ ನೀರು ಬೀಸಣಿಗೆಯ ಹಾಗೆ ಬಿಚ್ಚಿಕೊಂಡಿತು. ನಾನು ಏನೂ ಮಾಡುತ್ತಿರಲಿಲ್ಲ. ಗಡಿಯಾರ ನೋಡಲು ಧೈರ್ಯ ಬರಲಿಲ್ಲ, ಮನೆಗೆ ಬಂದ ಮೇಲೆ ನೋಡಿದರೆ 17.4 ಅಂತಿತ್ತು.

ಆಶ್ಚರ್ಯ ಅಂದರೆ ಆ ವೇಗದಲ್ಲಿ ದೋಣಿ ಅಲುಗುವುದೇ ಇಲ್ಲ. ಓಡುವ ಸೈಕಲ್ ನಿಂತ ಸೈಕಲ್ಲಿಗಿಂತ ಗಟ್ಟಿ ಅನ್ನಿಸುವ ಹಾಗೆ.

ಆದರೆ ಹಿಡಿದ ಅಲೆ ಉಳಿಯುವುದಿಲ್ಲ. ಎಂಟು ಹತ್ತು ಸೆಕೆಂಡಿಗೆ ಕಾಲ ಕೆಳಗಿಂದ ಕರಗಿಹೋಗುತ್ತದೆ. ಇದು ನನ್ನ ತಪ್ಪು ಅಂದುಕೊಂಡಿದ್ದೆ, ಅಲ್ಲವಂತೆ. ಆಳ ನೀರಿನಲ್ಲಿ ಅಲೆಗಳ ಗುಂಪು ಒಂದೊಂದು ಅಲೆಯ ಅರ್ಧ ವೇಗದಲ್ಲಷ್ಟೇ ಸಾಗುತ್ತದೆ. ಹಾಗಾಗಿ ಪ್ರತಿ ಅಲೆಯೂ ಗುಂಪಿನ ಹಿಂಭಾಗದಲ್ಲಿ ಹುಟ್ಟಿ, ಗುಂಪನ್ನು ಹಾದು, ಮುಂಭಾಗಕ್ಕೆ ಬಂದು ಸಾಯುತ್ತದೆ. ಸಾಯುವ ಮುಂಚೆ ಪಕ್ಕದ ಇನ್ನೊಂದಕ್ಕೆ ದಾಟಿಕೊಳ್ಳುವುದೇ ವಿದ್ಯೆ. ಎಡಕ್ಕೋ ಬಲಕ್ಕೋ ಸ್ವಲ್ಪ ಪೆಡಲ್ ಒತ್ತಿ, ಹತ್ತಿರದ ತಗ್ಗು ಹುಡುಕುತ್ತಾ. ನನಗೆ ಎರಡು ಅಲೆ ಪೋಣಿಸಲು ಬಂತು, ಒಂದು ಸಲ ಮೂರು. ನಾಲ್ಕನೆಯದಕ್ಕೆ ಹೋಗುವಾಗ ಮೂತಿ ಪೂರ್ತಿ ನೀರಿಗೆ ತೂರಿ ತೊಡೆಯವರೆಗೆ ನೀರು ಹರಿಯಿತು. ಬೇಯ್ಲರ್ ಗೊರಗೊರ ಅಂತ ಕುಡಿದುಬಿಟ್ಟಿತು. ಎಂಥ ಒಳ್ಳೆಯ ಯಂತ್ರ ಅದು.

ಆ ಐದು ಕಿಲೋಮೀಟರಿನಲ್ಲಿ ಮೂವರನ್ನು ದಾಟಿದೆ. ಅದನ್ನು ಹೇಳದೆ ಬಿಡಲು ಮನಸ್ಸಿಲ್ಲ.

ದಡಕ್ಕೆ ಬರುವುದು ಹೊರಡುವುದಕ್ಕಿಂತ ಅಪಾಯ. ಒಡೆಯುವ ಅಲೆ ಬೆನ್ನ ಹಿಂದೆ ಇರುತ್ತದೆ, ಕಾಣುವುದಿಲ್ಲ. ಅದರ ಮುಖದ ಮೇಲೆ ಸಿಕ್ಕಿಕೊಂಡರೆ ಉದ್ದ ದೋಣಿ ಅಡ್ಡ ತಿರುಗಿ ಉರುಳುತ್ತದೆ. ಹಾಗಾಗಿ ಅಲೆ ಒಡೆಯುವ ಜಾಗದ ಹೊರಗೇ ನಿಂತು, ಹಿಂದೆ ತಿರುಗಿ ತಿರುಗಿ ನೋಡಿ, ಗುಂಪಿನ ಕೊನೆಯ ಅಲೆ ಕೆಳಗಿಂದ ಹಾದುಹೋದ ಮೇಲೆ ಅದರ ಬೆನ್ನು ಹತ್ತಿಕೊಂಡು ಬರಬೇಕು. ಮುಂದಕ್ಕೆ ಹೋಗಬಾರದು, ತೀರಾ ಹಿಂದೆಯೂ ಬೀಳಬಾರದು. ಬಿದ್ದುಬಿಟ್ಟರೆ ದೋಣಿಗೂ ದಡಕ್ಕೂ ನಡುವೆ ನಿಲ್ಲಬಾರದು. ನೀರು ತುಂಬಿದ ದೋಣಿಯನ್ನು ಅಲೆ ತಳ್ಳಿಕೊಂಡು ಬಂದರೆ ಕಾಲು ಉಳಿಯುವುದಿಲ್ಲ. ನಾನು ಅಲ್ಲಿ ಒಂದೂವರೆ ನಿಮಿಷ ಕಾದೆ. ನಾನು ದಾಟಿದ್ದ ಮೂವರಲ್ಲಿ ಒಬ್ಬ ಕಾಯದೆ ಪಕ್ಕದಲ್ಲೇ ನುಗ್ಗಿ, ಅಲೆಯ ಮೇಲೆ ಕೂತು, ಸಿನಿಮಾದವರ ಹಾಗೆ ಮರಳಿನವರೆಗೆ ಬಂದುಬಿಟ್ಟ. ಅವನು ಮಗುಚುತ್ತಾನೆ ಅಂತ ನನಗೆ ಪೂರ್ತಿ ನಂಬಿಕೆಯಿತ್ತು. ಸ್ವಲ್ಪ ಆಸೆಯೂ.

ಮೊಣಕಾಲುದ್ದ ನೀರಿನಲ್ಲಿ ಇಳಿದರೆ ಕಾಲೇ ಇಲ್ಲ. ಒಂದೂವರೆ ಗಂಟೆ ಮಡಚಿ ಒತ್ತಿಕೊಂಡಿದ್ದ ಕಾಲು ಬೇರೆ ಯಾರದೋ. ಮರಳಿನ ಮೇಲೆ ಮೂವತ್ತು ಮೀಟರ್ ಓಡಿ ಬಾವುಟ ದಾಟಬೇಕು, ಆಗಲೇ ಓಟ ಮುಗಿದ ಲೆಕ್ಕ. ಓಡಿದೆ ಅನ್ನುವುದು ಉದಾರ ಮಾತು. 1 ಗಂಟೆ 38 ನಿಮಿಷ, ಮೂವತ್ನಾಲ್ಕನೆಯವನು. ಗೆದ್ದವರು 56 ನಿಮಿಷಕ್ಕೇ ಬಂದು, ದೋಣಿ ತೊಳೆದು, ಬಟ್ಟೆ ಬದಲಾಯಿಸಿ ಆಗಿತ್ತು. ಹಿರಿಯರಿಗೆ 1 ಗಂಟೆ 9 ನಿಮಿಷ.

ಮರಳಿನ ಮೇಲೆ ಅಂಗಾತ ಬಿದ್ದಿದ್ದಾಗ ಅವರು ಬಂದು ಪಕ್ಕದಲ್ಲಿ ಕೂತರು.

"ಎಷ್ಟು ಸಲ?"

"ಮೂರು ಸರ್. ಎರಡೂವರೆ ಅನ್ಬಹುದು."

"ಬರ್ತಾ ಹೇಗಿತ್ತು?"

ಬೆನ್ನಿಗೆ ಅಂಗೈ ಇಟ್ಟ ಹಾಗೆ ಅಂತ ಹೇಳಲು ಹೋದೆ, ಮಾತು ಸರಿಯಾಗಿ ಬರಲಿಲ್ಲ. ಕೈಯಲ್ಲಿ ಇಳಿಜಾರಿನ ಹಾಗೆ ಮಾಡಿ ತೋರಿಸಿದೆ. ಅವರು ತಲೆಯಾಡಿಸಿದರು. ಬೇಯ್ಲರ್ ವಿಷಯ ಹೇಳಿದೆ. ಅದಕ್ಕೆ ಮಾತ್ರ ಅವರು ನಕ್ಕ ರೀತಿ, ಆಚೆ ಸಾಲಿನವರು ತಿರುಗಿ ನೋಡಿದರು.

"ಮುಂದಿನ ಭಾನುವಾರದಿಂದ ನನ್ ದೋಣಿ ತಗೊಂಡ್ ಹೋಗು" ಅಂದರು. "ಗಾಳಿ ಇರೋ ದಿನಾನೇ ಹೋಗು. ನಿಂದು ಅಲ್ಲೀತನಕ ನನ್ ಹತ್ರ ಇರ್ಲಿ. ಸುಮ್ನೆ ಇಟ್ರೆ ಹಾಳಾಗತ್ತೆ."

ಈಗ ಎರಡು ತಿಂಗಳಾಯಿತು. ಅವರ ಅಗಲ ದೋಣಿಯ ಅಂಚು ಸವೆದಿದೆ, ಬಣ್ಣ ಹೋಗಿದೆ, ಒಂದು ಪೆಡಲ್ ಕಿರ್ ಅನ್ನುತ್ತದೆ. ಅದರಲ್ಲಿ ಕೂತು ನಾನು ಅಡ್ಡಲೆಯಲ್ಲಿ ಮುಂಡ ತಿರುಗಿಸುತ್ತೇನೆ, ಹಿಂದೆ ತಿರುಗಿ ನೋಡುತ್ತೇನೆ, ಒಂದು ಕೈ ಬಿಟ್ಟು ನೀರು ಕುಡಿಯುತ್ತೇನೆ. ಗಾಳಿ ಬೆನ್ನಿಗಿದ್ದಾಗ ನಾಲ್ಕು ಅಲೆ ಪೋಣಿಸುತ್ತೇನೆ. ಹಿರಿಯರು ನನ್ನ ಕಾರ್ಬನ್ ದೋಣಿಯಲ್ಲಿ ಮುಂದೆ ಹೋಗುತ್ತಾರೆ, ಹತ್ತು ನಿಮಿಷಕ್ಕೆ ಕಣ್ಣಿಗೆ ಕಾಣದಷ್ಟು ದೂರ. ಅದನ್ನು ವಾಪಸ್ ಕೊಡುವ ಮಾತು ಅವರು ಎತ್ತಿಲ್ಲ, ನಾನೂ ಕೇಳಿಲ್ಲ.